ವಾಷಿಂಗ್ ಮೆಷಿನ್‌ನ ಮುಗ್ಗಲು ವಾಸನೆಗೆ ಎರಡು ಪುಡಿ: ಸಾಗರದ ಒಂದು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ. ನಾನು ಮೆಚ್ಚಿ ಬರೆಯುತ್ತಿರುವುದು ಸೋಡಿಯಂ ಪರ್ಕಾರ್ಬೊನೇಟ್ ಎಂಬ ಬಿಳಿ ಪುಡಿಯ ಬಗ್ಗೆ. ಆಕ್ಸಿಜನ್ ಬ್ಲೀಚ್ ಅಂತಲೂ ಮಾರುತ್ತಾರೆ. 1 ಕೆಜಿಗೆ 340 ರೂಪಾಯಿ ಕೊಟ್ಟೆ. ಅದಕ್ಕೂ ಮುಂಚೆ ಬೇರೆ ಪುಡಿಗೆ ದುಡ್ಡು ಹಾಕಿದ್ದೆ. ಅದನ್ನೂ ಹೇಳಲೇಬೇಕು, ಯಾಕೆಂದರೆ ಜಾಸ್ತಿ ಜನ ಕೊಳ್ಳುವುದು ಅದನ್ನೇ.

ನಮ್ಮದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರ ಒಂದು ಹಳ್ಳಿ. 7 ಕೆಜಿಯ ಫ್ರಂಟ್ ಲೋಡ್ ಮೆಷಿನ್, ಕೊಂಡು 6 ವರ್ಷ ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಕಾವಿಗೆ. ಹಾಗಾಗಿ ಬಟ್ಟೆ ನಾತ ಬಂದರೆ ಮಳೆಯನ್ನು ಬೈದು ಸುಮ್ಮನಾಗುತ್ತೇವೆ. ಎರಡು ವರ್ಷ ನಾನೂ ಹಾಗೇ ಇದ್ದೆ. ಕಳೆದ ಜುಲೈನಲ್ಲಿ ಮಗಳು ಶಾಲೆಯಿಂದ ಬಂದವಳೇ ಯೂನಿಫಾರಂ ಬಿಚ್ಚಿ ಎಸೆದಳು. "ಹಳೇ ಗೋಣಿಚೀಲದ ವಾಸನೆ ಅಮ್ಮ, ಪಕ್ಕದವಳು ಸರಿದು ಕೂತಳು" ಎಂದು ಅತ್ತಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಒಂದು ಸಣ್ಣ ಪರೀಕ್ಷೆ ಮಾಡಿದೆ. ಒಂದೇ ಥರದ ಎರಡು ಟವೆಲ್ ತಗೊಂಡೆ. ಒಂದನ್ನು ಮೆಷಿನ್‌ಗೆ ಹಾಕಿದೆ, ಇನ್ನೊಂದನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕಿದೆ. ಎರಡನ್ನೂ ಬಚ್ಚಲ ಒಲೆಯ ಮೇಲಿನ ಒಂದೇ ಹಗ್ಗಕ್ಕೆ ಹರವಿದೆ. ಕಲ್ಲಿನಲ್ಲಿ ಒಗೆದ ಟವೆಲ್‌ಗೆ ಬರೀ ಹೊಗೆ ವಾಸನೆ. ಮೆಷಿನ್‌ನದಕ್ಕೆ ಮುಗ್ಗಲು. ತಪ್ಪು ಮಳೆಯದ್ದಲ್ಲ ಎಂದು ಖಾತ್ರಿಯಾಯಿತು.

ಬೆಂಗಳೂರಿನಲ್ಲಿರುವ ತಂಗಿ ಒಂದು ಡಿಸ್ಕೇಲರ್ ಪುಡಿ ಹೇಳಿದಳು. 100 ಗ್ರಾಂನ 3 ಪೊಟ್ಟಣ. ಅವಳ ಮೆಷಿನ್ ಅದರಿಂದ ಚೆನ್ನಾಗಿ ಆಗಿತ್ತಂತೆ. ನಾನು ಮೂರನ್ನೂ ಖಾಲಿ ಮಾಡಿದೆ, ವಾಸನೆ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಪೊಟ್ಟಣದ ಹಿಂದೆ ಓದಿದರೆ ಇದ್ದದ್ದು ಸಿಟ್ರಿಕ್ ಆಮ್ಲ. ಅದು ಸುಣ್ಣದ ಪೊರೆ ಕರಗಿಸುವ ವಸ್ತು. ತಂಗಿಯ ಮನೆಗೆ ಬರುವುದು ಬೋರ್‌ವೆಲ್ ನೀರು, ಗಡಸು. ಅವಳ ಕೆಟಲ್ ತಳದಲ್ಲಿ ಬೆಳ್ಳಗೆ ಪೊರೆ ಕಟ್ಟಿರುತ್ತದೆ. ನಮ್ಮದು ತೆರೆದ ಬಾವಿಯ ಮೆದು ನೀರು, ಹಂಡೆಯೊಳಗೂ ಪೊರೆ ಇಲ್ಲ. ಇಲ್ಲದ ಸುಣ್ಣವನ್ನು ಆ ಪುಡಿ ಎಲ್ಲಿಂದ ತೆಗೆಯಬೇಕು, ಅಲ್ವಾ? ಪುಡಿಯದ್ದು ತಪ್ಪಿಲ್ಲ. ಆದರೆ ಪೊಟ್ಟಣದ ಮುಂದೆ "ದುರ್ವಾಸನೆ ಮಾಯ" ಎಂದು ದಪ್ಪಕ್ಷರದಲ್ಲಿ ಹಾಕಿ, ಯಾವ ನೀರಿಗೆ ಎಂದು ಹೇಳದೇ ಇದ್ದದ್ದು ನನಗೆ ಸರಿ ಕಾಣಲಿಲ್ಲ. ರಿಪೇರಿಯವರನ್ನೂ ಕರೆಸಿದೆ. ಏನೋ ದ್ರಾವಣ ಸುರಿದು 650 ರೂಪಾಯಿ ತಗೊಂಡು ಹೋದರು. ಎಂಟೇ ದಿನಕ್ಕೆ ಮತ್ತೆ ಅದೇ ನಾತ.

ಕೊನೆಗೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯನ್ನು ಮಡಿಸಿ ಒಳಗೆ ಬೆರಳು ಹಾಕಿದೆ. ಬೂದು ಬಣ್ಣದ ಲೋಳೆ. ಅದೇ ವಾಸನೆ. ಸೋಪು, ಬಟ್ಟೆ ಮೆತ್ತಗಾಗಲು ಹಾಕುವ ಸಾಫ್ಟ್‌ನರ್, ಮೈಯ ಜಿಡ್ಡು ಎಲ್ಲ ಸೇರಿ ಕಟ್ಟಿದ ಪದರ ಅದು. ಅದರಲ್ಲಿ ಬ್ಯಾಕ್ಟೀರಿಯ ಮನೆ ಮಾಡಿಕೊಂಡಿರುತ್ತವೆ. ಒಗೆದ ಬಟ್ಟೆಯ ಇಂಥ ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯ ಮುಖ್ಯ ಕಾರಣ ಎಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದರು. ಬಟ್ಟೆ ನಿಧಾನವಾಗಿ ಒಣಗಿದಷ್ಟೂ ಅವುಗಳಿಗೆ ಹಬ್ಬ. ನಾನೇ ಅವುಗಳಿಗೆ ಊಟ ಹಾಕುತ್ತಿದ್ದೆ: ಯಾವಾಗಲೂ ತಣ್ಣೀರು, ಎರಡು ಮುಚ್ಚಳ ಸೋಪು, ಘಮ ಬರಲಿ ಎಂದು ಮೇಲೊಂದು ಮುಚ್ಚಳ ಸಾಫ್ಟ್‌ನರ್. ಮೆದು ನೀರಿಗೆ ಸೋಪು ಕಡಿಮೆ ಸಾಕು. ಪಾಠದಲ್ಲಿ ನೂರು ಸಲ ಹೇಳಿದ್ದೇನೆ.

ಈಗ ಪರ್ಕಾರ್ಬೊನೇಟ್ ವಿಷಯ. ನೀರಿಗೆ ಬಿದ್ದರೆ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗುತ್ತದೆ. ಒಂದು ಕ್ರಿಮಿಗೆ, ಇನ್ನೊಂದು ಜಿಡ್ಡಿಗೆ. ಬಿಸಿನೀರಿನಲ್ಲೇ ಇದರ ಶಕ್ತಿ. ಆದರೆ ಸೀದಾ ಪುಡಿ ಸುರಿದರೆ ಆಗದು, ಮೊದಲು ಕೈಕೆಲಸ ಇದೆ. ಸೋಪಿನ ಡ್ರಾಯರ್ ಕಿತ್ತು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದೆ. ಕೆಳಗಿನ ಫಿಲ್ಟರ್ ಬಿಚ್ಚಿದೆ. ಕೆಳಗೊಂದು ತಟ್ಟೆ ಇಡಿ, ಕೊಳೆತ ನೀರು ಬರುತ್ತದೆ. ಎರಡು ಹೇರ್‌ಪಿನ್, ಒಂದು ರೂಪಾಯಿ ನಾಣ್ಯ, ಅಡಿಕೆ ಸಿಪ್ಪೆಯ ನಾರು ಸಿಕ್ಕಿತು. ರಬ್ಬರ್ ಮಡಿಕೆಯನ್ನು ಬಟ್ಟೆಯಿಂದ ಒರೆಸಿದೆ. ಆಮೇಲೆ ಖಾಲಿ ಡ್ರಮ್‌ಗೆ 100 ಗ್ರಾಂ ಪುಡಿ ಹಾಕಿ 60 ಡಿಗ್ರಿಗೆ ಇಟ್ಟೆ. ಅರ್ಧದಲ್ಲಿ ಕರೆಂಟ್ ಹೋಯಿತು, ಮಳೆಗಾಲದಲ್ಲಿ ನಮಗೆ ಇದು ದಿನದ ಪಾಡು. ಎರಡು ಗಂಟೆ ನೀರು ಹಾಗೇ ನಿಂತಿತು. ಕರೆಂಟ್ ಬಂದು ಮೆಷಿನ್ ತಿರುಗಿದಾಗ ಗಾಜಿನಲ್ಲಿ ಕಂಡದ್ದು ಚಹಾ ಬಣ್ಣದ ನೀರು, ತೇಲುವ ಕಂದು ಚಕ್ಕೆಗಳು. ಅದು ನೆನೆದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಈಗ ನಾನೇ ಮಧ್ಯದಲ್ಲಿ ನಿಲ್ಲಿಸಿ ಒಂದು ಗಂಟೆ ಬಿಡುತ್ತೇನೆ.

ಒಂದು ದೂರು ಇದೆ. ಮೊದಲ ಸಲ ಚಕ್ಕೆ ಪೂರ್ತಿ ಹೋಗುವುದಿಲ್ಲ. ಮುಂದಿನ ಒಗೆತದಲ್ಲಿ ಮಾವನ ಬಿಳಿ ಪಂಚೆಗೆ ಅಂಟಿಕೊಂಡು ಮತ್ತೆ ಒಗೆಯಬೇಕಾಯಿತು. ಹಾಗಾಗಿ ಖಾಲಿ ಮೆಷಿನ್‌ನಲ್ಲಿ ಇನ್ನೆರಡು ಸಲ ಜಾಲಿಸಿ, ಆಮೇಲೆ ನೆಲ ಒರೆಸುವ ಬಟ್ಟೆಯನ್ನೇ ಮೊದಲು ಹಾಕಿ. ರಬ್ಬರ್ ಮೇಲಿನ ಕಪ್ಪು ಬೂಷ್ಟಿನ ಚುಕ್ಕೆಗಳೂ ಹೋಗಲಿಲ್ಲ, ತಿಳಿಯಾಗಿವೆ ಅಷ್ಟೇ. ವಾಸನೆ ಮಾತ್ರ ಎರಡನೇ ಸಲಕ್ಕೆ ಪೂರ್ತಿ ನಿಂತಿತು.

ಕೈಗೆ ಗ್ಲೌಸ್ ಹಾಕಿ, ಚರ್ಮ ಉರಿಯುತ್ತದೆ. ನೀರಲ್ಲಿ ಕಲಸಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಒಳಗೆ ಗಾಳಿ ತುಂಬಿ ಸಿಡಿಯಬಹುದು. ರೇಷ್ಮೆ, ಉಣ್ಣೆಗೆ ತಾಗಿಸಬೇಡಿ. ಕ್ಲೋರಿನ್ ಬ್ಲೀಚ್ ಜೊತೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಬೆರೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ವಿಷಗಾಳಿ ಹುಟ್ಟುತ್ತದೆ.

ಈಗ ತಿಂಗಳಿಗೊಂದು ಸಲ 100 ಗ್ರಾಂ ಹಾಕುತ್ತೇನೆ. ಸಾಫ್ಟ್‌ನರ್ ಬಿಟ್ಟೆ, ಸೋಪು ಅರ್ಧಕ್ಕೆ ಇಳಿಸಿದೆ. ಒಗೆದಾದ ಮೇಲೆ ಬಾಗಿಲು, ಡ್ರಾಯರ್ ಎರಡೂ ತೆರೆದೇ ಇರುತ್ತವೆ. ತೋಟಕ್ಕೆ ಮೈಲುತುತ್ತು ಹೊಡೆದ ಬಟ್ಟೆ ಮೊದಲಿನಿಂದಲೂ ಕಲ್ಲಿಗೇ, ಅದರಲ್ಲಿ ಬದಲಿಲ್ಲ.

5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಪ್ಯಾಕೆಟ್‌ಗೆ. ಒಮ್ಮೆ ಕತ್ತರಿಸಿದರೆ ಮತ್ತೆ ಮುಚ್ಚಲು ಬರುವುದಿಲ್ಲ. ಆಗಸ್ಟ್‌ನ ಥಂಡಿಗೆ ತಳದ ಪುಡಿ ಗಟ್ಟಿಯಾಗಿ ಹೋಯಿತು. ಮಲೆನಾಡಿನವರು 500 ಗ್ರಾಂನದ್ದೇ ತಗೊಳ್ಳಿ, ಒಣ ಚಮಚವನ್ನೇ ಹಾಕಿ.