ಕಾರಿಗೆ ರಾಸ್ಪ್‌ಬೆರಿ ಪೈ 4: ಬೋರ್ಡ್ ಚೆನ್ನಾಗಿದೆ, ಪವರ್ ಸಪ್ಲೈ ಚೆನ್ನಾಗಿರಬೇಕು

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸ್ವಂತ ಕಂಪ್ಯೂಟರ್ ಕೂರಿಸಿ ಹಾಡು, ಸಿನಿಮಾ ಹಾಕಿಕೊಳ್ಳಬೇಕು ಅನ್ನುವವರು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡನ್ನು ತಗೊಳ್ಳಬಹುದಾ? ಧಾರಾಳವಾಗಿ ತಗೊಳ್ಳಿ. ಆದರೆ ಬೋರ್ಡಿಗಿಂತ ಜಾಸ್ತಿ ಗಮನವನ್ನು ಪವರ್ ಸಪ್ಲೈಗೆ ಕೊಡಿ. ನನ್ನ ಕಾರಿನಲ್ಲಿರುವುದು ಪೈ 4, ಅದೇ ಕಂಪನಿಯ 7 ಇಂಚಿನ ಟಚ್ ಸ್ಕ್ರೀನ್, ಒಂದು ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫಯರಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಸಾಧನ), ಒಂದು ಆಂಪ್ಲಿಫಯರ್. ಸಾಫ್ಟ್‌ವೇರ್ ಕೋಡಿ (Kodi), ಹಾಡು, ವಿಡಿಯೊ ಓಡಿಸುವ ಪ್ಲೇಯರ್.

ವಿಡಿಯೊ ವಿಷಯದಲ್ಲಿ ದೂರೇ ಇಲ್ಲ. 4ಕೆ ಫೈಲುಗಳನ್ನೂ ಓಡಿಸುವ ಬೋರ್ಡ್ ಇದು, ಸ್ಕ್ರೀನ್ ಇರುವುದೇ 800×480, ಹಾಗಾಗಿ 720ಪಿ ಫೈಲ್ ಸಾಕು, ಜಾಗವೂ ಉಳಿಯುತ್ತದೆ.

ಈಗ ಕರೆಂಟಿನ ವಿಷಯ. ಪೈಗೆ ಬೇಕಾದದ್ದು 5 ವೋಲ್ಟ್, 3 ಆಂಪಿಯರ್. ಕಾರಿನ ಬ್ಯಾಟರಿ ಹೆಸರಿಗೆ 12 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ಇರುತ್ತದೆ, ಸೆಲ್ಫ್ ಹೊಡೆದ ಕ್ಷಣದಲ್ಲಿ 9ಕ್ಕೆ, ಚಳಿಯಲ್ಲಿ ಇನ್ನೂ ಕೆಳಗೆ ಬೀಳುತ್ತದೆ. ಪೈಗೆ ಹೋಗುವ ವೋಲ್ಟೇಜ್ 4.63ಕ್ಕಿಂತ ಇಳಿದರೆ ಸ್ಕ್ರೀನಿನ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಇನ್ನೂ ಇಳಿದರೆ ರೀಸ್ಟಾರ್ಟ್ ಆಗುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಮಾಮೂಲಿ ಚಾರ್ಜರ್ ಇದಕ್ಕೆ ಸಾಲದು. ಕಾರಿಗೆಂದೇ ಮಾಡಿದ, ಬ್ಯಾಟರಿ 6 ವೋಲ್ಟಿಗೆ ಇಳಿದರೂ ಪೈಗೆ 5 ವೋಲ್ಟ್ ಕೊಡುತ್ತಲೇ ಇರುವ ಕನ್ವರ್ಟರ್ ಹುಡುಕಿ.

ಅದಕ್ಕಿಂತ ದೊಡ್ಡ ತಲೆನೋವು ಆಫ್ ಮಾಡುವುದು. ಪೈ 4ರಲ್ಲಿ ಪವರ್ ಬಟನ್ನೇ ಇಲ್ಲ, ಅದು ಬಂದದ್ದು 2023ರ ಪೈ 5ರಲ್ಲಿ. ಕೀ ತಿರುಗಿಸಿದ ತಕ್ಷಣ ಕರೆಂಟ್ ಹೋದರೆ, ಅದೇ ಹೊತ್ತಿಗೆ ಎಸ್‌ಡಿ ಕಾರ್ಡಿಗೆ ಏನಾದರೂ ಬರೆಯುತ್ತಿದ್ದರೆ, ಕಾರ್ಡಿನಲ್ಲಿರುವುದೆಲ್ಲ ಹಾಳಾಗಬಹುದು. ಹಾಗಂತ ಯಾವಾಗಲೂ ಆನ್ ಇಟ್ಟರೆ, ಸುಮ್ನೆ ಇದ್ದರೂ 3 ವ್ಯಾಟ್ ಆಸುಪಾಸು ಎಳೆದು ನಿಂತ ಕಾರಿನ ಬ್ಯಾಟರಿಯನ್ನು ನಿಧಾನವಾಗಿ ಇಳಿಸುತ್ತದೆ. ಆದ್ದರಿಂದ ಎರಡು ವೈರ್ ಬೇಕು. ಒಂದು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ಬರುವುದು, ಇನ್ನೊಂದು ಕೀ ಜೊತೆ ಆನ್ ಆಫ್ ಆಗುವ ಎಸಿಸಿ. ಎಸಿಸಿ ಹೋದಾಗ ಪೈಗೆ ಶಟ್‌ಡೌನ್ ಸೂಚನೆ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಕರೆಂಟ್ ಕಡಿಯುವ ಸಪ್ಲೈಗಳು ಸಿಗುತ್ತವೆ. ನನ್ನ ಪ್ರಕಾರ ಇಡೀ ಸಿಸ್ಟಮ್ಮಿನಲ್ಲಿ ದುಡ್ಡು ಉಳಿಸಲು ನೋಡಬಾರದ ಜಾಗ ಇದೊಂದೇ. ಜೊತೆಗೆ ಪೈನ ಸೆಟ್ಟಿಂಗ್ಸ್ ಪ್ರೋಗ್ರಾಂ ಆದ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ (ಬದಲಾವಣೆಗಳನ್ನು ಕಾರ್ಡಿನ ಬದಲು ಮೆಮೊರಿಯಲ್ಲಿ ಮಾತ್ರ ಇಡುವ ವ್ಯವಸ್ಥೆ) ಆನ್ ಮಾಡಿ, ಹಾಡುಗಳನ್ನು ಬೇರೆ ಪೆನ್ ಡ್ರೈವಿನಲ್ಲಿಡಿ. ಆಗ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ.

ಹೆಡ್‌ಫೋನ್ ಜ್ಯಾಕಿನ ಸೌಂಡ್ ಕಾರಿನ ಸ್ಪೀಕರಿಗೆ ಸಾಲದು, ಹಿಂದೆ ಸಣ್ಣಗೆ ಸುಯ್ ಅನ್ನುವ ಸದ್ದು ಇರುತ್ತದೆ. ಡ್ಯಾಕ್ ಹಾಕಿದ ಮೇಲೆ ಹಳೆಯ ಹಾಡುಗಳಲ್ಲಿ ತಬಲಾ ಬೇರೆ, ಕೊಳಲು ಬೇರೆ ಅಂತ ಬಿಡಿಸಿ ಕೇಳಿಸುತ್ತದೆ, ಅದಂತೂ ನಿಜಕ್ಕೂ ಖುಷಿ. ಎಕ್ಸಲರೇಟರ್ ಒತ್ತಿದಂತೆ ಏರುವ ಕುಯ್ ಸದ್ದು ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಗ್ರೌಂಡ್ ವೈರುಗಳು ಬೇರೆ ಬೇರೆ ಜಾಗಕ್ಕೆ ಸೇರಿದ್ದರಿಂದ ಬರುವ ಸದ್ದು. ಪೈ ಮತ್ತು ಆಂಪ್ಲಿಫಯರಿನ ಗ್ರೌಂಡ್ ಎರಡನ್ನೂ ಒಂದೇ ಜಾಗಕ್ಕೆ ಬಿಗಿಯಿರಿ, ಹೆಚ್ಚಿನ ಸಲ ಅಷ್ಟಕ್ಕೇ ಹೋಗುತ್ತದೆ.

ಸ್ಕ್ರೀನ್ ಮಾತ್ರ ನನಗೆ ಅರ್ಧ ಸಮಾಧಾನ. ಬಿಸಿಲಿನಲ್ಲಿ ಮಂಕಾಗಿ ಕಾಣುತ್ತದೆ. ಅಳತೆ 194×110 ಮಿಮೀ, ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಕೂರಿಸುವ ಡಬಲ್ ಡಿನ್ ಕಿಂಡಿ ಸುಮಾರು 180×100, ಒಳಗೆ ಕೂರುವುದಿಲ್ಲ, ಮುಂದೆ ಫ್ರೇಮ್ ಮಾಡಿಸಲೇಬೇಕು. ಬೋರ್ಡನ್ನು ಗಾಳಿಯಾಡದ ಕಡೆ ತುರುಕಬೇಡಿ. 80 ಡಿಗ್ರಿ ದಾಟಿದರೆ ಪೈ ತಾನಾಗಿಯೇ ವೇಗ ತಗ್ಗಿಸುತ್ತದೆ, ಅಲ್ಯೂಮಿನಿಯಂ ಕೇಸ್, ಚಿಕ್ಕ ಫ್ಯಾನ್ ಇದ್ದರೆ ಒಳ್ಳೆಯದು.

ಓಡಿಸುವವರ ಕಣ್ಣಿಗೆ ಬೀಳುವ ಸ್ಕ್ರೀನಿನಲ್ಲಿ ವಿಡಿಯೊ ಬೇಡವೇ ಬೇಡ. ಹ್ಯಾಂಡ್ ಬ್ರೇಕ್ ವೈರನ್ನು ನೇರವಾಗಿ ಅಲ್ಲ, ರಿಲೇ ಮೂಲಕ ಪೈಗೆ ಕೊಟ್ಟು, ಬ್ರೇಕ್ ಎಳೆದಾಗ ಮಾತ್ರ ವಿಡಿಯೊ ಬರುವ ಹಾಗೆ ಮಾಡಬಹುದು, ನಾನು ಹಾಗೇ ಇಟ್ಟಿದ್ದೇನೆ. ರಿವರ್ಸ್ ಕ್ಯಾಮೆರಾವನ್ನು ಇದಕ್ಕೆ ಸೇರಿಸಬೇಡಿ. ಪೈ ಪೂರ್ತಿ ಏಳಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನೀವು ಗೇರ್ ಹಾಕಿ ಹಿಂದೆ ಹೊರಟಿರುತ್ತೀರಿ, ಅಲ್ವಾ? ಅದಕ್ಕೆ ಬೇರೆ ಪುಟ್ಟ ಸ್ಕ್ರೀನೇ ಇರಲಿ.