ಅಮ್ಮನ ಮಂಚದ ಪಕ್ಕ ಓದಿದ ಮೂವರು ಪಾದ್ರಿಗಳು

ಅಮ್ಮನಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಬಲಗೈ, ಬಲಗಾಲು ಇವತ್ತಿಗೂ ಸ್ವಾಧೀನದಲ್ಲಿಲ್ಲ. ಬೆಳಿಗ್ಗೆ ಅಮ್ಮ ಏಳುವ ಮುಂಚೆ ನನಗೆ ಅರ್ಧ ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಮೂವರು ಹಳೇ ಪಾದ್ರಿಗಳನ್ನು ಒಬ್ಬರ ನಂತರ ಒಬ್ಬರಂತೆ ಓದಿದೆ. 1947ರಲ್ಲಿ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚು ಹುಟ್ಟಿದಾಗ ಅದರಲ್ಲಿ ಪ್ರೆಸ್ಬಿಟೇರಿಯನ್ನರೂ ಸೇರಿದ್ದರು. ಆದರೂ ನಮ್ಮಲ್ಲಿ ಇವರ ಹೆಸರು ಕೇಳಿದವರು ಕಡಿಮೆ. ಮೂರನ್ನೂ ಇಂಗ್ಲಿಷಿನಲ್ಲೇ ಓದಿದ್ದು.

ಮೊದಲು ಹಿಡಿದದ್ದು ರಾಬರ್ಟ್ ಮರ್ರಿ ಮೆಕ್‌ಚೇನ್ ಅವರ ಸತ್ಯವೇದ (ಬೈಬಲ್) ಓದುವ ಪಟ್ಟಿ. ಡಂಡೀ ಊರಿನ ತಮ್ಮ ಸಭೆಯವರಿಗಾಗಿ 1842ರಲ್ಲಿ ಮಾಡಿದ್ದು. ದಿನಕ್ಕೆ ನಾಲ್ಕು ಅಧ್ಯಾಯ. ವರ್ಷ ಮುಗಿಯುವಾಗ ಹಳೇ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗಿರುತ್ತವೆ. ಜನವರಿ 1ಕ್ಕೆ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ಸತ್ಯವೇದದ ಈ ನಾಲ್ಕೂ ಪುಸ್ತಕ ಒಟ್ಟಿಗೆ ಶುರು. ಇದರ ಸೊಗಸು ಫೆಬ್ರವರಿಯಲ್ಲಿ ಗೊತ್ತಾಯಿತು. ಅಣ್ಣಂದಿರು ಮಾರಿದ ಯೋಸೇಫ ಒಂದು ಕಡೆ, ಬೂದಿಯಲ್ಲಿ ಕೂತ ಯೋಬ ಇನ್ನೊಂದು ಕಡೆ. ಇಬ್ಬರ ಕಥೆಯೂ ದಿನಾ ಅಕ್ಕಪಕ್ಕದಲ್ಲೇ ನಡೆಯುತ್ತದೆ. ಯೋಸೇಫನಿಗೆ ಕೊನೆಗೆ ತನ್ನ ಕಷ್ಟದ ಕಾರಣ ತಿಳಿಯುತ್ತದೆ, ಯೋಬನಿಗೆ ತಿಳಿಯುವುದೇ ಇಲ್ಲ. ಇಬ್ಬರನ್ನೂ ಬೇರೆಬೇರೆ ಓದಿದ್ದಾಗ ಇದು ನನಗೆ ಹೊಳೆದಿರಲಿಲ್ಲ.

ಆದರೆ ರಾತ್ರಿ ಮೂರು ಸಲ ಎದ್ದು ಅಮ್ಮನನ್ನು ಮಗ್ಗುಲು ಬದಲಿಸಿದವರಿಗೆ ನಾಲ್ಕು ಅಧ್ಯಾಯ ಜಾಸ್ತಿ. ಏಪ್ರಿಲ್ ಹೊತ್ತಿಗೆ ಹದಿನೈದು ದಿನ ಹಿಂದೆ ಬಿದ್ದೆ. ದೇವರಿಗೆ ಸಾಲ ಬಾಕಿ ಇಟ್ಟ ಹಾಗೆ ಅನಿಸತೊಡಗಿತು. ಇಂಥ ಅಪಾಯಗಳನ್ನು ಮೆಕ್‌ಚೇನ್ ಅವರೇ ಪಟ್ಟಿಯ ಜೊತೆಗೆ ಬರೆದಿಟ್ಟಿದ್ದರು. ಓದು ಬರೀ ಆಚಾರವಾಗಬಹುದು, ನಾನು ಓದಿದೆ ಎಂಬ ಹೆಮ್ಮೆ ಬರಬಹುದು, ಮನಸ್ಸಿಲ್ಲದೆ ಓದಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು. ಅದನ್ನು ಓದಿ ಸಮಾಧಾನವಾಯಿತು. 1843ರ ಮಾರ್ಚ್‌ನಲ್ಲಿ ಅವರು ಜ್ವರದಿಂದ ತೀರಿಕೊಂಡಾಗ ಇನ್ನೂ 29 ವರ್ಷ.

ಆಮೇಲೆ ಸ್ಯಾಮ್ಯುಯೆಲ್ ರದರ್‌ಫರ್ಡ್ ಅವರ ಪತ್ರಗಳು. ಆನ್ವತ್ ಎಂಬ ಸಣ್ಣ ಊರಿನ ಪಾದ್ರಿ. ಹೆಂಡತಿ ವರ್ಷಕ್ಕೂ ಹೆಚ್ಚು ಕಾಲ ನರಳಿ 1630ರಲ್ಲಿ ತೀರಿಕೊಂಡರು. 1636ರಲ್ಲಿ ಅಧಿಕಾರದಲ್ಲಿದ್ದವರು ರದರ್‌ಫರ್ಡ್ ಬೋಧನೆ ಮಾಡಬಾರದೆಂದು ಬಾಯಿ ಕಟ್ಟಿ ಅಬರ್ಡೀನಿಗೆ ಕಳಿಸಿದರು. ಆ ಗಡೀಪಾರಿನ ಊರನ್ನೇ ಅವರು ಕ್ರಿಸ್ತನ ಅರಮನೆ ಎಂದು ಕರೆದು ಪತ್ರ ಬರೆದರು. ಸತ್ತ ಮೂರು ವರ್ಷದ ಮೇಲೆ, 1664ರಲ್ಲಿ, ಪತ್ರಗಳು ಪುಸ್ತಕವಾದವು. ಒಂದೊಂದು ಪತ್ರವೂ ಒಬ್ಬ ಮನುಷ್ಯನಿಗೆ ಬರೆದದ್ದು. ಹಾಗಾಗಿ ಉಪದೇಶದ ವಾಸನೆ ಕಡಿಮೆ. ಕ್ರಿಸ್ತನನ್ನು ಮದುಮಗ ಎಂದು ಕರೆದು ಸತ್ಯವೇದದ ಪ್ರೇಮಗೀತೆಯಾದ ಪರಮಗೀತದ ಮಾತಿನಲ್ಲಿ ಹಂಬಲಿಸುತ್ತಾರೆ. ಶಾಲೆಯಲ್ಲಿ ಅಕ್ಕಮಹಾದೇವಿಯ ವಚನ ಓದಿ ಬೆಳೆದ ನಮಗೆ ಆ ದನಿ ಹೊಸದಲ್ಲ ಅಲ್ವಾ?

ತೊಂದರೆ ಭಾಷೆಯದು. ಸ್ಕಾಟ್ಲೆಂಡಿನ ಹಳೇ ಸ್ಕಾಟ್ಸ್ ಮಾತಿನ ಪದಗಳು ಸಾಲುಸಾಲಿಗೂ ಅಡ್ಡ ಬರುತ್ತವೆ. ಇನ್ನೊಂದು, ಅವರ ಭಾವ ಯಾವಾಗಲೂ ಶಿಖರದಲ್ಲೇ ಇರುತ್ತದೆ. ನನ್ನ ಮನಸ್ಸು ಒಣಗಿದ ದಿನ ಅದು ದೂರದ ಬೆಟ್ಟದ ಹಾಗೆ ಕಂಡಿತು. ದಿನಕ್ಕೆ ಒಂದೇ ಪತ್ರ ಸಾಕು, ಎರಡು ಬೇಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯವರು, ಥಾಮಸ್ ಬಾಸ್ಟನ್. 1707ರಿಂದ 1732ರವರೆಗೆ, ಸಾಯುವ ತನಕ, ಎಟ್ರಿಕ್ ಎಂಬ ಕುರಿಗಾಹಿಗಳ ಸೀಮೆಯಲ್ಲಿ ಪಾದ್ರಿಯಾಗಿದ್ದರು. ಹತ್ತು ಮಕ್ಕಳಲ್ಲಿ ಆರನ್ನು ಮಣ್ಣು ಮಾಡಿದರು. ಹೆಂಡತಿ ಎಷ್ಟೋ ವರ್ಷ ಮನಸ್ಸಿನ ಕಾಯಿಲೆಯಿಂದ ಬಳಲಿದರು. ಕೊನೆಯ ದಿನಗಳಲ್ಲಿ ಎದ್ದು ಓಡಾಡಲಾರದೆ ಮನೆಯ ಕಿಟಕಿಯಿಂದಲೇ ಜನರಿಗೆ ಬೋಧಿಸಿದರಂತೆ. ನಾನು ಓದಿದ ಸಣ್ಣ ಪುಸ್ತಕ 1737ರಲ್ಲಿ ಅಚ್ಚಾಯಿತು. ಅದರ ಹೆಸರನ್ನು ಕನ್ನಡದಲ್ಲಿ 'ಪಾಲಿಗೆ ಬಂದ ಡೊಂಕು' ಅನ್ನಬಹುದು.

ದೇವರು ಡೊಂಕು ಮಾಡಿದ್ದನ್ನು ನೆಟ್ಟಗೆ ಮಾಡುವವರು ಯಾರು ಎಂದು ಸತ್ಯವೇದದ ಪ್ರಸಂಗಿ ಎಂಬ ಪುಸ್ತಕ ಕೇಳುತ್ತದೆ. ಬಾಸ್ಟನ್ ಆ ವಚನದಿಂದ ಶುರು ಮಾಡುತ್ತಾರೆ. ಪ್ರತಿಯೊಬ್ಬರ ಪಾಲಿನಲ್ಲೂ ಒಂದು ಡೊಂಕು ಇರುತ್ತದೆ. ನಮಗೆ ಎಲ್ಲಿ ಜಾಸ್ತಿ ನೋವಾಗುತ್ತದೋ ಅಲ್ಲೇ ಇರುತ್ತದೆ. ಅದು ದೇವರ ಕೈ ಮೀರಿ ಬಂದದ್ದಲ್ಲ. ಹಾಗಂತ ಸುಮ್ನೆ ಕೂರಿ ಅನ್ನುವುದಿಲ್ಲ. ನೆಟ್ಟಗೆ ಮಾಡಪ್ಪಾ ಎಂದು ಬೇಡಿಕೊಳ್ಳಿ, ಆದರೆ ನಿಮ್ಮ ಬಲದಿಂದ ಎಳೆದು ಸರಿಮಾಡಲು ಹೋಗಬೇಡಿ ಅನ್ನುತ್ತಾರೆ. ಅಲ್ಲಿಂದ ಮುಂದೆ ಯೇಸುವಿನ ಶಿಷ್ಯ ಪೇತ್ರನ ಮಾತಿಗೆ, ದೇವರ ಬಲವಾದ ಕೈಯ ಕೆಳಗೆ ತಗ್ಗಿಸಿಕೊಳ್ಳುವುದಕ್ಕೆ ಬರುತ್ತಾರೆ.

ಬರವಣಿಗೆ ಒಣದು. ಒಂದನೆಯದು, ಎರಡನೆಯದು, ಅದರೊಳಗೆ ಮತ್ತೆ ಒಂದನೆಯದು. ಮೊದಲ ವಾರ ಬಿಟ್ಟುಬಿಡೋಣ ಅನಿಸಿತ್ತು. ಆದರೆ ದಿನಕ್ಕೆ ಒಂದು ಪುಟ ಓದಿದರೆ ಸಾಕಿತ್ತು. ಹಿಂದೆ ಬಿದ್ದೆ ಎಂಬ ಭಯವಿರಲಿಲ್ಲ. ಅಮ್ಮನ ಕೈಗೆ ಎಣ್ಣೆ ತಿಕ್ಕುವಾಗ ಆ ಒಂದು ಪುಟವೇ ತಲೆಯಲ್ಲಿ ಓಡುತ್ತಿತ್ತು. ಅಷ್ಟು ದಿನ ನಾನು ಗುಣವಾಗಲಿ ಎಂದಷ್ಟೇ ಪ್ರಾರ್ಥಿಸಿದ್ದೆ. ಗುಣವಾಗದಿದ್ದರೆ ಹೇಗೆ ಬದುಕಲಿ ಎಂದು ಕೇಳಲು ಕಲಿಸಿದ್ದು ಬಾಸ್ಟನ್.

ಹೋದ ತಿಂಗಳು ನಮ್ಮ ಬೀದಿಯ ಅಕ್ಕ ಒಬ್ಬರು ಮಗುವನ್ನು ಕಳೆದುಕೊಂಡರು. ಅವರಿಗೆ ನಾನು ಬಾಸ್ಟನ್ ಕೊಡಲಿಲ್ಲ. ಗಾಯ ಹಸಿಯಾಗಿರುವಾಗ ವಾದ ಬೇಡ. ಮಕ್ಕಳನ್ನು ಕಳೆದುಕೊಂಡ ಲೇಡಿ ಕೆನ್ಮ್ಯೂರ್ ಎಂಬ ಹೆಣ್ಣುಮಗಳಿಗೆ ರದರ್‌ಫರ್ಡ್ ಬರೆದ ಒಂದು ಪತ್ರವನ್ನು ನನಗೆ ತಿಳಿದ ಕನ್ನಡದಲ್ಲಿ ಬರೆದು ಕೊಟ್ಟು ಬಂದೆ. ಅವರು ಅದನ್ನು ಮಡಿಸಿ ಸತ್ಯವೇದದೊಳಗೆ ಇಟ್ಟುಕೊಂಡರು.