ಕಾಮಿಕ್ ಇಳಿಸುವ ಒಂದೇ ಪ್ರೋಗ್ರಾಮ್: ಪೈಥಾನ್, ಗೋ, ರಸ್ಟ್

ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಲಿಯುವಾಗ ಪಾಠದ ಕೊನೆಯ ಅಭ್ಯಾಸಗಳನ್ನು ಬಿಡಿಸುವುದಕ್ಕಿಂತ, ನಾನೇ ಬಳಸುವಂಥ ಸಣ್ಣ ಪ್ರೋಗ್ರಾಮೊಂದನ್ನು ಬರೆಯುವುದು ನನ್ನ ರೂಢಿ. ಈ ಸಲ ಟರ್ಮಿನಲ್‌ನಲ್ಲಿ ಸಂಖ್ಯೆ ಕೊಟ್ಟರೆ ಎಕ್ಸ್‌ಕೆಸಿಡಿ ಎಂಬ ವೆಬ್ ಕಾಮಿಕ್ ಸರಣಿಯ ಆ ಸಂಖ್ಯೆಯ ಕಾಮಿಕ್ಕನ್ನು ಇಳಿಸಿಕೊಡುವ ಪ್ರೋಗ್ರಾಮನ್ನು ಮೊದಲು ನನಗೆ ಗೊತ್ತಿದ್ದ ಪೈಥಾನ್‌ನಲ್ಲಿ, ಬಳಿಕ ಕಲಿಯಲೆಂದು ಗೋ ಮತ್ತು ರಸ್ಟ್‌ಗಳಲ್ಲಿ ಬರೆದೆ. ಆ ಕಾಮಿಕ್‌ನ ಪ್ರತಿಯೊಂದು ಕಂತಿನ ವಿವರವೂ ಜೇಸನ್ ರೂಪದಲ್ಲಿ (ಹೆಸರು-ಮೌಲ್ಯಗಳ ಜೋಡಿಯಾಗಿ ಮಾಹಿತಿ ಬರೆಯುವ ರೀತಿ) ಸಿಗುವುದರಿಂದ ವೆಬ್ ಪುಟದ ಎಚ್‌ಟಿಎಂಎಲ್ ಕೆದಕುವ ಗೋಜಿಲ್ಲ; ವಾಣಿಜ್ಯೇತರ ಬಳಕೆಗೆ ಅದರ ಲೈಸೆನ್ಸ್ ಅಡ್ಡಿ ಮಾಡುವುದೂ ಇಲ್ಲ.

ಬರೆಯುವ ವೇಗದಲ್ಲಿ ಪೈಥಾನ್‌ಗೆ ಸಾಟಿಯಿಲ್ಲ. ಗೋ ಭಾಷೆಯಲ್ಲಿ ಸಾಲುಗಳು ಹೆಚ್ಚಾದರೂ ಎಚ್‌ಟಿಟಿಪಿ (ವೆಬ್ ಸರ್ವರ್‌ನೊಡನೆ ಮಾತಾಡುವ ನಿಯಮ), ಜೇಸನ್, ಫ್ಲ್ಯಾಗ್ (ಟರ್ಮಿನಲ್‌ನಲ್ಲಿ ಕೊಡುವ ಆಯ್ಕೆ) ಎಲ್ಲಕ್ಕೂ ಬೇಕಾದ ಕೋಡ್ ಭಾಷೆಯ ಜೊತೆಗೇ ಬರುತ್ತದೆ. ರಸ್ಟ್‌ನಲ್ಲಿ ಎಚ್‌ಟಿಟಿಪಿಗೂ ಜೇಸನ್‌ಗೂ ಬೇರೆ ಬೇರೆ ಕ್ರೇಟ್‌ಗಳನ್ನು (ರಸ್ಟ್‌ನ ಲೈಬ್ರರಿಗಳು) ಆರಿಸಿಕೊಳ್ಳಬೇಕು. ಯಾವುದನ್ನು ಆರಿಸಬೇಕೆಂಬುದೇ ಕಲಿಯುವವನಿಗೆ ಮೊದಲ ಪರೀಕ್ಷೆ.

ಮೂರರ ಗುಣಗಳು ಬಯಲಾದದ್ದು ತಪ್ಪುಗಳಾದಾಗ. ಬಂದ ವಿವರ ತುಂಬಿಕೊಳ್ಳುವ ಗೋ ಸ್ಟ್ರಕ್ಟ್‌ನಲ್ಲಿ (ಹಲವು ಫೀಲ್ಡ್‌ಗಳ ಗುಂಪು) ಚಿತ್ರದ ವಿಳಾಸದ ಫೀಲ್ಡ್‌ಗೆ ಸಣ್ಣಕ್ಷರದಿಂದ ಶುರುವಾಗುವ ಹೆಸರಿಟ್ಟಿದ್ದೆ. ಅಂಥ ಫೀಲ್ಡನ್ನು ಜೇಸನ್ ಪ್ಯಾಕೇಜು ತುಂಬುವುದೂ ಇಲ್ಲ, ತುಂಬಲಿಲ್ಲವೆಂದು ಹೇಳುವುದೂ ಇಲ್ಲ. ಹೀಗಾಗಿ ಖಾಲಿ ವಿಳಾಸ ಮುಂದಿನ ಹಂತಕ್ಕೆ ಹೋಗಿ, ಪ್ರೋಟೊಕಾಲ್ ಸರಿಯಿಲ್ಲವೆಂಬ ದೂರು ಬಂತು. ನಾನು ನೆಟ್‌ವರ್ಕ್ ಕೋಡನ್ನು ಜಾಲಾಡುತ್ತಾ ಒಂದು ಸಂಜೆ ಕಳೆದೆ. ಹೆಸರು ಹೊಂದದಿದ್ದರೆ ಪೈಥಾನ್ ಕೀಎರರ್ (ಆ ಹೆಸರಿಲ್ಲವೆಂಬ ದೋಷ) ಕೊಟ್ಟು ನಿಲ್ಲುತ್ತದೆ, ರಸ್ಟ್‌ನಲ್ಲಿ ಜೇಸನ್ ಓದುವ ಸರ್ಡೆ ಕ್ರೇಟ್ ಯಾವ ಫೀಲ್ಡ್ ಸಿಗಲಿಲ್ಲವೆಂದು ಹೆಸರು ಹಿಡಿದೇ ಹೇಳುತ್ತದೆ. ಈ ವಿಷಯದಲ್ಲಿ ನನ್ನ ಮತ ರಸ್ಟ್‌ಗೆ.

ಇನ್ನೊಂದು ಎಡವಟ್ಟು ಮೂರಕ್ಕೂ ಸಮಾನ. ಈ ಸರಣಿಯಲ್ಲಿ 403ರ ನಂತರ ಬರುವುದು 405. 404 ಕೇಳಿದರೆ 'ಸಿಗಲಿಲ್ಲ' ಎಂಬ, ಅದೇ ಸಂಖ್ಯೆಯ ಹೆಸರಾಂತ ಎಚ್‌ಟಿಟಿಪಿ ಉತ್ತರ. ಕಾಮಿಕ್ ಲೇಖಕರ ತಮಾಷೆ ನನಗೆ ಪಾಠವಾಯಿತು. ಸರ್ವರ್ 404 ಎಂದರೂ ಉತ್ತರವೊಂದು ಬಂತಲ್ಲ ಎಂಬ ಲೆಕ್ಕದಲ್ಲಿ ಮೂರೂ ಕಡೆ ನಾನು ಬಳಸಿದ ಲೈಬ್ರರಿಗಳು ಅದನ್ನು ದೋಷವೆಂದು ಎಣಿಸುವುದಿಲ್ಲ. ಹೆಜ್ಜೆಹೆಜ್ಜೆಗೂ ಎರರ್ ನೋಡಿಕೊಂಡಿದ್ದೇನೆಂದು ಬೀಗುತ್ತಿದ್ದ ನಾನು ಉತ್ತರದ ಸ್ಟೇಟಸ್ ಕೋಡ್ (404ರಂಥ ಸಂಖ್ಯೆ) ನೋಡುವುದನ್ನೇ ಮರೆತಿದ್ದೆ.

ಒಟ್ಟಿಗೆ ಹಲವನ್ನು ಇಳಿಸುವಾಗ, ಸರ್ವರ್‌ಗೆ ಹೊರೆಯಾಗದಂತೆ ಏಕಕಾಲಕ್ಕೆ ನಾಲ್ಕೇ ಎಂಬ ಮಿತಿಯನ್ನು ಗೋ ಭಾಷೆಯ ಗೋರುಟೀನ್ (ಜೊತೆಜೊತೆಗೆ ಓಡುವ ಹಗುರ ಕೆಲಸ) ಮತ್ತು ಚಾನೆಲ್‌ಗಳಿಂದ (ಅವುಗಳ ನಡುವಿನ ಕೊಂಡಿ) ಹಾಕುವುದು ಸಲೀಸು. ಕೆಲಸಗಳನ್ನು ನಿಗದಿತ ಸಂಖ್ಯೆಯ ಥ್ರೆಡ್‌ಗಳಿಗೆ ಹಂಚುವ ಪೈಥಾನ್‌ನ ಥ್ರೆಡ್ ಪೂಲ್‌ನಲ್ಲೂ ಕಷ್ಟವೇನಿಲ್ಲ. ರಸ್ಟ್‌ನಲ್ಲಿ ಮಾತ್ರ ಅಸಿಂಕ್ (ಒಂದು ಕಾಯುವಾಗ ಇನ್ನೊಂದು ನಡೆಸುವ ರೀತಿ) ಮತ್ತು ಓನರ್‌ಶಿಪ್ (ಯಾವ ಮೌಲ್ಯ ಯಾರ ಒಡೆತನದಲ್ಲಿದೆ ಎಂಬ ನಿಯಮ) ಎರಡನ್ನೂ ಒಮ್ಮೆಗೇ ಅರಗಿಸಿಕೊಳ್ಳಬೇಕಾಯಿತು, ಅದೂ ಹೆಚ್ಚಿನ ಹೊತ್ತು ನೆಟ್‌ವರ್ಕ್‌ಗಾಗಿ ಕಾಯುವುದರಲ್ಲೇ ಕಳೆಯುವ ಪ್ರೋಗ್ರಾಮಿಗಾಗಿ.

ಕೊನೆಗೆ ನಾನು ಉಳಿಸಿಕೊಂಡದ್ದು ಗೋ ಆವೃತ್ತಿಯನ್ನು. ಲಿನಕ್ಸ್‌ನಲ್ಲಿ ಕುಳಿತೇ ವಿಂಡೋಸ್‌ಗೆ ಬಿಲ್ಡ್ ಮಾಡಿ, ಒಂದೇ ಫೈಲನ್ನು ಗೆಳೆಯನಿಗೆ ಕಳುಹಿಸಿದೆ. ಪೈಥಾನ್ ಆಗಿದ್ದರೆ ಅವನಿಂದ ಮೊದಲು ಪೈಥಾನನ್ನೇ ಹಾಕಿಸಬೇಕಿತ್ತು. 404 ಎಂದು ಕೊಟ್ಟರೆ ಅದೀಗ 'ಈ ಸಂಖ್ಯೆಯ ಕಾಮಿಕ್ ಇಲ್ಲ' ಎಂದು ತಿಳಿಸಿ 405ಕ್ಕೆ ಹೋಗುತ್ತದೆ.